ಪಾರ್ಟಿಕಲ್ ಬೋರ್ಡ್ ಕಪಾಟಿಗೆ ತೇವದಿಂದ ರಕ್ಷಣೆ: ವರ್ಷಗಟ್ಟಲೆ ಬಳಸಿದ ಮೇಲಿನ ಅನುಭವ

ಮೊದಲೇ ಹೇಳಿಬಿಡುತ್ತೇನೆ. ಪಾರ್ಟಿಕಲ್ ಬೋರ್ಡ್ ಪೀಠೋಪಕರಣಗಳನ್ನು ನೀರಿನಿಂದ ಉಳಿಸಿಕೊಳ್ಳಲು ನಾನು ಬಳಸಿದ ಸಾಮಾನುಗಳಲ್ಲಿ ಹಾಕಿದ ದುಡ್ಡಿಗೆ ನಿಜಕ್ಕೂ ಬೆಲೆ ತಂದುಕೊಟ್ಟದ್ದು ಒಂದು ಸಣ್ಣ ಡಬ್ಬಿ ಆಯಿಲ್ ಬೇಸ್ ಪಾಲಿಯುರೆಥೇನ್ ವಾರ್ನಿಷ್. ಎರಡನೆಯ ಸ್ಥಾನ ಸಿಲಿಕಾನ್ ಸೀಲಂಟಿಗೆ. ತೇವ ಹೀರುವ ಡಬ್ಬಿ, ಫರ್ನಿಚರ್ ಪಾಲಿಶ್ ಎಲ್ಲ ಬಹಳ ಹಿಂದೆ ಉಳಿದವು. ನಮ್ಮ ಮನೆಯ ಸಿಂಕ್ ಕೆಳಗಿನ ಕಪಾಟು, ಬಟ್ಟೆ ಇಡುವ ವಾರ್ಡ್‌ರೋಬ್, ಪುಸ್ತಕದ ಶೆಲ್ಫ್, ಟಿವಿ ಯೂನಿಟ್, ಎಲ್ಲವೂ ಮೇಲೆ ಮೆಲಮೈನ್ ಪದರವಿರುವ ಪಾರ್ಟಿಕಲ್ ಬೋರ್ಡಿನವೇ. ಹಲವು ಮಳೆಗಾಲ ಕಂಡಿವೆ, ಪೈಪ್ ಸೋರಿಕೆಯನ್ನೂ ಕಂಡಿವೆ. ಆದ್ದರಿಂದ ಇಲ್ಲಿ ಬರೆಯುತ್ತಿರುವುದು ಕೊಂಡ ವಾರದ ಅಭಿಪ್ರಾಯವಲ್ಲ.

ಬೋರ್ಡು ಯಾಕೆ ಉಬ್ಬುತ್ತದೆ ಅಂತ ಗೊತ್ತಾದರೆ ಎಲ್ಲಿ ಕೈ ಹಾಕಬೇಕು ಅನ್ನುವುದೂ ಗೊತ್ತಾಗುತ್ತದೆ. ಮರದ ಚೂರುಗಳಿಗೆ ಅಂಟು ಬೆರೆಸಿ, ಬಿಸಿ ಪ್ರೆಸ್ಸಿನಲ್ಲಿ ಜೋರಾಗಿ ಒತ್ತಿ ಈ ಹಲಗೆ ಮಾಡುತ್ತಾರೆ. ಒತ್ತಿ ಹಿಡಿದ ಸ್ಪಂಜಿನಂತೆ ಆ ಚೂರುಗಳು ಅಗಲಲು ಕಾದೇ ಇರುತ್ತವೆ, ಅಂಟು ಮಾತ್ರ ಅವನ್ನು ಹಿಡಿದಿರುತ್ತದೆ. ಸಾಮಾನ್ಯ ಬೋರ್ಡಿನ ಅಂಟು ಯೂರಿಯಾ ಫಾರ್ಮಾಲ್ಡಿಹೈಡ್. ನೀರು, ಅದರಲ್ಲೂ ಬಿಸಿ ಮತ್ತು ನೀರು ಒಟ್ಟಿಗೆ ಬಂದರೆ ಈ ಅಂಟು ಬಿಟ್ಟುಕೊಡುತ್ತದೆ. ಒಳಗಿನ ಒತ್ತಡ ಸಡಿಲವಾಗಿ ಹಲಗೆ ದಪ್ಪವಾಗುತ್ತದೆ. ಎಷ್ಟೇ ಒಣಗಿಸಿದರೂ 18 ಮಿಲಿಮೀಟರಿನ ಹಲಗೆ ಮತ್ತೆ 18ಕ್ಕೆ ಬರುವುದಿಲ್ಲ. ಘನ ಮರ ಉಬ್ಬಿ ಒಣಗಿದರೆ ಬಹುಮಟ್ಟಿಗೆ ಮೊದಲಿನ ಅಳತೆಗೆ ಮರಳುತ್ತದೆ, ಇದು ಮರಳುವುದಿಲ್ಲ. ಹಾಗಾಗಿ ಆಮೇಲೆ ರಿಪೇರಿ ಮಾಡಿದರಾಯಿತು ಅಂದುಕೊಂಡು ಕೂರುವ ಸಾಮಾನೇ ಅಲ್ಲ ಇದು.

ಇನ್ನೊಂದು ವಿಷಯವೂ ಅಷ್ಟೇ ಮುಖ್ಯ. ಕಣ್ಣಿಗೆ ಕಾಣುವ ನುಣುಪು ಮೈಯಿಂದ ನೀರು ಒಳಗೆ ಹೋಗುವುದು ತೀರಾ ಕಡಿಮೆ. ಅದು ಮೆಲಮೈನ್ ರಾಳದಲ್ಲಿ ಅದ್ದಿ ಒತ್ತಿದ ಕಾಗದ. ಅದರ ಮೇಲೆ ಚೆಲ್ಲಿದ ನೀರು ಒರೆಸುವ ತನಕ ಹಾಗೇ ನಿಂತಿರುತ್ತದೆ. ಕುಡಿಯುವುದು ಅಂಚು, ಅದರಲ್ಲೂ ಅಂಚಿನ ನಡುಭಾಗ. ಹಲಗೆಯ ಮೇಲಿನ, ಕೆಳಗಿನ ಪದರಗಳು ಸಣ್ಣ ಪುಡಿಯಿಂದ ಬಿಗಿಯಾಗಿರುತ್ತವೆ. ನಡುವಿನ ಪದರದಲ್ಲಿ ದಪ್ಪ ಚೂರು, ಹೆಚ್ಚು ಪೊಳ್ಳು. ಕತ್ತರಿಸಿದ ಕಡೆ ಈ ಪೊಳ್ಳು ತೆರೆದಿರುತ್ತದೆ. ಕೀಲಿನ ಗುಂಡಿ, ಸ್ಕ್ರೂ ತೂತು, ಶೆಲ್ಫ್ ಪಿನ್ನಿನ ತೂತುಗಳ ಸಾಲು, ಇವೂ ಅಂಚುಗಳೇ. ನೋಟಕ್ಕೆ ಬೀಳುವುದಿಲ್ಲ, ಅಷ್ಟೇ.

ನಮ್ಮ ಸಿಂಕ್ ಕಪಾಟಿನ ತಳದ ಹಲಗೆಯಲ್ಲಿ ಕೊಳಾಯಿ ಪೈಪ್ ಇಳಿಯಲು ಕೊರೆದ ದುಂಡನೆಯ ತೂತಿದೆ. ಜೋಡಿಸುವ ಮೊದಲು ಅದರೊಳಗೆ ಬೆರಳಾಡಿಸಿ ನೋಡಿದೆ. ಸುತ್ತ ಒರಟು, ಚೂರುಗಳು ಉಗುರಿಗೆ ಸಿಗುವಷ್ಟು ಸಡಿಲ, ಒತ್ತಿದರೆ ಬೆರಳಿಗೆ ಹೊಟ್ಟು ಮೆತ್ತುತ್ತದೆ. ತಣ್ಣೀರಿನ ಪೈಪಿನ ಮೇಲೆ ಸೆಕೆಯ ದಿನ ಬೆವರಿನ ಹನಿ ಕೂಡಿಕೊಂಡು ಸೀದಾ ಇಳಿಯುವುದು ಈ ತೂತಿಗೇ. ಸೋರಿಕೆಯೇ ಬೇಡ, ಈ ಹನಿ ಸಾಕು. ಕಪಾಟಿನ ಬದಿ ಹಲಗೆಗಳ ಕೆಳ ತುದಿಯೂ ಹೀಗೇ. ಮುಂದಿನ ಅಂಚಿಗೆ ಚಂದದ ಪಟ್ಟಿ ಅಂಟಿಸಿರುತ್ತಾರೆ, ನೆಲಕ್ಕೆ ತಾಗುವ ಅಂಚನ್ನು ಬಹಳ ಸಲ ಬೆತ್ತಲೆ ಬಿಟ್ಟಿರುತ್ತಾರೆ. ನೆಲ ಒರೆಸಿದ ನೀರು ಅಲ್ಲಿಂದ ಮೇಲೇರುತ್ತದೆ.

ವಾರ್ನಿಷ್ ಹಚ್ಚುವ ಕೆಲಸವನ್ನು ವಿವರವಾಗಿಯೇ ಬರೆಯುತ್ತೇನೆ, ಫಲಿತಾಂಶವೆಲ್ಲ ಅದರಲ್ಲೇ ಇದೆ. ಪೆಟ್ಟಿಗೆ ಬಿಚ್ಚಿದ ಕೂಡಲೇ ಜೋಡಿಸಲು ಕೂರಬೇಡಿ. ಹಲಗೆಗಳನ್ನು ಗೋಡೆಗೆ ಒರಗಿಸಿ ಪಟ್ಟಿಯಿಲ್ಲದ ಅಂಚು ಯಾವುವು ಅಂತ ನೋಡಿಕೊಳ್ಳಿ. ಒಣ ಬ್ರಷ್ಷಿನಿಂದ ಹೊಟ್ಟು ಉದುರಿಸಿ. ಮೊದಲ ಕೋಟಿಗೆ ವಾರ್ನಿಷಿಗೆ ಸ್ವಲ್ಪ ಮಿನರಲ್ ಟರ್ಪಂಟೈನ್ ಬೆರೆಸಿ ತೆಳ್ಳಗೆ ಮಾಡಿಕೊಂಡರೆ ಅದು ಒಳಕ್ಕೆ ಇಳಿಯುತ್ತದೆ. ಬ್ರಷ್ ಆಡಿಸಿದ ಹಾಗೆ ಅಂಚು ಅದನ್ನು ಗಟಗಟ ಕುಡಿಯುವುದು ಕಣ್ಣಿಗೇ ಕಾಣುತ್ತದೆ. ಕುಡಿಯುವುದು ನಿಲ್ಲುವ ತನಕ ಹಚ್ಚಿ. ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಒಣಗಲು ಬಿಟ್ಟು, 220ನೇ ನಂಬರಿನ ಸ್ಯಾಂಡ್ ಪೇಪರಿನಿಂದ ಹಗುರವಾಗಿ ಉಜ್ಜಿ, ಇನ್ನೆರಡು ಕೋಟು ಬೆರೆಸದೆ ಹಚ್ಚಿ. ಕೀಲಿನ ಗುಂಡಿಗೆ, ಪೈಪಿನ ತೂತಿಗೆ ಸಣ್ಣ ಬ್ರಷ್ ಬೇಕು. ಡೋವೆಲ್ (ಹಲಗೆಗಳನ್ನು ಜೋಡಿಸುವ ಮರದ ಗೂಟ) ಕೂರುವ ತೂತಿಗೆ ಮಾತ್ರ ಹಚ್ಚಬಾರದು, ಅಲ್ಲಿ ಮರದ ಗೋಂದು ಹಿಡಿಯಬೇಕು.

ವಾಟರ್ ಬೇಸ್ ವಾರ್ನಿಷಿಗೆ ವಾಸನೆ ಕಡಿಮೆ, ಆದರೆ ಬೆತ್ತಲೆ ಅಂಚಿಗೆ ಅದನ್ನು ಹಚ್ಚಿದರೆ ಮೊದಲ ಕೋಟಿನಲ್ಲೇ ಚೂರುಗಳು ಎದ್ದು ನಿಲ್ಲುತ್ತವೆ. ಉಬ್ಬದಿರಲಿ ಅಂತ ಹಚ್ಚುವುದರಲ್ಲಿ ನೀರೇ ಇರುವುದು ನನಗೆ ಒಪ್ಪಿಗೆಯಿಲ್ಲ. ಕೆಲಸ ಮಾಡುವಾಗ ಕಿಟಕಿ ತೆರೆದಿರಲಿ. ಆಯಿಲ್ ವಾರ್ನಿಷ್ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬುಟ್ಟಿಗೆ ಎಸೆಯಬೇಡಿ. ಒಣಗುವಾಗ ಅದು ತಾನಾಗಿ ಬಿಸಿಯಾಗಿ ಹೊತ್ತಿಕೊಳ್ಳಬಲ್ಲದು. ಬಿಡಿಸಿ, ಬಯಲಿನಲ್ಲಿ ಹರವಿ ಒಣಗಿಸಿ.

ಇಷ್ಟು ಮಾಡಿದ ಸಿಂಕ್ ಕಪಾಟಿನ ತಳ ಇವತ್ತಿಗೂ ಸಮತಟ್ಟಾಗಿದೆ. ಪೈಪ್ ಜಾಯಿಂಟ್ ಸಡಿಲವಾಗಿ ಒಂದು ರಾತ್ರಿಯಿಡೀ ನೀರು ನಿಂತದ್ದುಂಟು. ಬೆಳಿಗ್ಗೆ ಒರೆಸಿ, ಬಾಗಿಲು ತೆರೆದಿಟ್ಟು ಒಣಗಿಸಿದೆವು, ಪೈಪಿನ ತೂತಿನ ಸುತ್ತ ಬೆರಳಿಗೆ ಏರು ಸಿಗಲಿಲ್ಲ. ಅದೇ ಮನೆಯಲ್ಲಿ, ಯಾವ ಲೇಪವೂ ಇಲ್ಲದೆ ಬಂದಿದ್ದ ಟಿವಿ ಯೂನಿಟ್ಟಿನ ಕೆಳ ಅಂಚು ಬರೀ ನೆಲ ಒರೆಸುವ ನೀರಿಗೇ ಹೊಟ್ಟೆ ಬಂದಂತೆ ಊದಿಕೊಂಡಿತು. ವಾರ್ನಿಷಿಗೆ ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಅರ್ಧ ಕಳೆದದ್ದು ಒಣಗಲು ಕಾಯಬೇಕಾದ ಹೊತ್ತಿಗೆ ಮತ್ತು ವಾಸನೆಗೆ.

ಸಿಲಿಕಾನ್ ಸೀಲಂಟಿನ ಕೆಲಸ ಬೇರೆ. ಅದು ಹಲಗೆಗೆ ಲೇಪವಲ್ಲ, ಸಂದಿಗೆ ಬಿರಡೆ. ಸಿಂಕಿನ ಕಟ್ಟಿಗೂ ಕೌಂಟರಿಗೂ ನಡುವೆ, ಕೌಂಟರಿಗೂ ಗೋಡೆಗೂ ನಡುವೆ, ಪೈಪಿನ ಸುತ್ತ, ಇಲ್ಲಿ ಅದಕ್ಕೆ ಬದಲಿಯಿಲ್ಲ. ವಿನಿಗರ್ ವಾಸನೆ ಬರುವ ಬಗೆ ಲೋಹಕ್ಕೆ ತುಕ್ಕು ತರಬಹುದು. ಕೀಲು, ಸ್ಕ್ರೂ ಇರುವ ಕಡೆ ನ್ಯೂಟ್ರಲ್ ಬಗೆಯದೇ ವಾಸಿ, ಸಿಂಕಿನ ಬಳಿ ಬೂಷ್ಟು ನಿರೋಧಕ ಸೇರಿಸಿದ್ದು ಬೇಕು. ಹಾಗಿದ್ದೂ ಕಾಲ ಕಳೆದಂತೆ ಕಪ್ಪು ಚುಕ್ಕೆ ಬರುತ್ತದೆ. ಆಗ ಹಳೆಯದನ್ನು ಪೂರ್ತಿ ಕೆರೆದು ತೆಗೆದೇ ಹೊಸದು ಹಾಕಬೇಕು, ಹಳೆಯದರ ಮೇಲೆ ಹೊಸದು ಹಿಡಿಯುವುದಿಲ್ಲ. ಮೇಲೆ ಪೇಂಟೂ ನಿಲ್ಲುವುದಿಲ್ಲ, ಆದ್ದರಿಂದ ವಾರ್ನಿಷ್ ಕೆಲಸವೆಲ್ಲ ಮುಗಿದ ಮೇಲೆ ಸಿಲಿಕಾನ್ ಟ್ಯೂಬ್ ತೆರೆಯಿರಿ. ಐದಕ್ಕೆ ನಾಲ್ಕು.

ಎಡ್ಜ್ ಬ್ಯಾಂಡ್, ಅಂದರೆ ಅಂಚಿಗೆ ಅಂಟಿಸುವ ಪಟ್ಟಿಯ ಬಗ್ಗೆ ಒಂದು ಮಾತು. ಪಟ್ಟಿ ಪಿವಿಸಿ ಪ್ಲಾಸ್ಟಿಕ್ಕಿನದೋ ಎಬಿಎಸ್ ಪ್ಲಾಸ್ಟಿಕ್ಕಿನದೋ ಅನ್ನುವುದಕ್ಕಿಂತ ಅದನ್ನು ಹಿಡಿದಿರುವ ಅಂಟು ಮುಖ್ಯ. ಮಾಮೂಲಿ ಇವಿಎ ಹಾಟ್‌ಮೆಲ್ಟ್ (ಕರಗಿಸಿ ಹಚ್ಚುವ ಅಂಟು) ಬಿಸಿಗೆ ಮೆತ್ತಗಾಗುತ್ತದೆ. ಡಿಶ್‌ವಾಷರಿನ ಮೇಲಿನ ಅಂಚಿನಲ್ಲಿ, ಒಲೆಯ ಪಕ್ಕದಲ್ಲಿ ಪಟ್ಟಿಯ ಮೂಲೆ ಏಳುವುದು ಇದರಿಂದಲೇ. ಪಿಯುಆರ್ ಅನ್ನುವ ಪಾಲಿಯುರೆಥೇನ್ ಅಂಟು ಗಟ್ಟಿಯಾದ ಮೇಲೆ ಬಿಸಿಗೂ ನೀರಿಗೂ ಜಗ್ಗುವುದಿಲ್ಲ. ಮೂಲೆ ಎದ್ದದ್ದು ಕಂಡರೆ ಆ ದಿನವೇ ಅಂಟಿಸಿಬಿಡಿ.

ತೇವ ಹೀರುವ ಡಬ್ಬಿಗಳ ಮೇಲೆ ನನಗೆ ಬೇಸರವಿದೆ. ಕ್ಯಾಲ್ಸಿಯಂ ಕ್ಲೋರೈಡ್ ಹರಳು ತೇವ ಹೀರಿ ತಾನೇ ಕರಗಿ ಉಪ್ಪುನೀರಾಗುತ್ತದೆ. ಡಬ್ಬಿ ತುಂಬಿದ್ದು ನೋಡಿ, ಅಬ್ಬಾ ಎಷ್ಟು ಹೀರಿತು ಅನ್ನಿಸುತ್ತದೆ. ಆದರೆ ವಾರ್ಡ್‌ರೋಬ್ ಗಾಳಿ ಆಡದ ಪೆಟ್ಟಿಗೆಯಲ್ಲ. ಹೀರಿದಷ್ಟೂ ಕೋಣೆಯ ಗಾಳಿಯಿಂದ ಮತ್ತೆ ಬರುತ್ತಲೇ ಇರುತ್ತದೆ. ಮೇಲಾಗಿ ಆ ದ್ರವ ಚೆಲ್ಲಿದರೆ ಸುಲಭಕ್ಕೆ ಒಣಗದು, ಕೀಲು, ಸ್ಕ್ರೂಗಳನ್ನು ತಿನ್ನುತ್ತದೆ. ಹಲಗೆ ಕಾಯಲು ಇಟ್ಟದ್ದೇ ಹಲಗೆಗೆ ಕುತ್ತಾಗುತ್ತದೆ. ಬಟ್ಟೆಗೆ ಮುಗ್ಗುವಾಸನೆ ಬಾರದಿರಲು ಸಣ್ಣ ಜಾಗದಲ್ಲಿ ಪರವಾಗಿಲ್ಲ. ಹಲಗೆಯ ರಕ್ಷಣೆಗೆ ಐದಕ್ಕೆ ಒಂದೂವರೆ ಮಾತ್ರ. ಫರ್ನಿಚರ್ ಪಾಲಿಶ್ ಅಷ್ಟೂ ಅಲ್ಲ, ಮೊದಲೇ ನೀರು ಹಿಡಿಯದ ಮೈಗೆ ಹೊಳಪು ಕೊಡುತ್ತದೆ, ಕುಡಿಯುವ ಅಂಚನ್ನು ಮುಟ್ಟುವುದೇ ಇಲ್ಲ.

ಅದಕ್ಕಿಂತ ಗಾಳಿಯ ತೇವ ಅಳೆಯುವ ಒಂದು ಸಣ್ಣ ಹೈಗ್ರೋಮೀಟರ್ ಮೇಲು. ಕೋಣೆಯ ಸಾಪೇಕ್ಷ ಆರ್ದ್ರತೆ ಶೇಕಡಾ 60ರ ಮೇಲೆ ದಿನಗಟ್ಟಲೆ ನಿಂತರೆ ಬೂಷ್ಟಿಗೆ ದಾರಿ. 30ರಿಂದ 50ರ ನಡುವೆ ಇದ್ದರೆ ಒಳ್ಳೆಯದು. ಅಂಕಿ ಕಣ್ಣೆದುರು ಇದ್ದಾಗ ಯಾವಾಗ ಕಿಟಕಿ ತೆರೆಯಬೇಕು, ಯಾವಾಗ ಎಕ್ಸಾಸ್ಟ್ ಫ್ಯಾನ್ ಹಾಕಬೇಕು ಅಂತ ಊಹಿಸುವ ಗೋಜಿಲ್ಲ. ಹೊರಗೋಡೆಗೆ ಅಂಟಿಸಿಟ್ಟ ವಾರ್ಡ್‌ರೋಬನ್ನು ಮೂರ್ನಾಲ್ಕು ಬೆರಳು ಮುಂದಕ್ಕೆ ಎಳೆದದ್ದರಿಂದಲೂ ದೊಡ್ಡ ವ್ಯತ್ಯಾಸವಾಯಿತು. ಹಿಂಬದಿಯ ತೆಳು ಹಲಗೆಯ ಗೋಡೆ ಕಡೆಯ ಮೈಗೆ ಸಾಮಾನ್ಯವಾಗಿ ಯಾವ ಪದರವೂ ಇರುವುದಿಲ್ಲ. ತಣ್ಣಗಿನ ಗೋಡೆ, ಆಡದ ಗಾಳಿ ಸೇರಿದರೆ ಅಲ್ಲಿ ಬೂಷ್ಟು ಗ್ಯಾರಂಟಿ. ಕೆಳಗೆ ಪ್ಲಾಸ್ಟಿಕ್ ಕಾಲು ಹಾಕಿ ಕಪಾಟನ್ನು ನೆಲದಿಂದ ಎತ್ತಿದ್ದೂ ಕೊಟ್ಟ ದುಡ್ಡಿಗೆ ಮೋಸ ಮಾಡಲಿಲ್ಲ.

ಹೊಸದಾಗಿ ಕೊಳ್ಳುವವರು ಕೇಳುವುದು ಹಸಿರು ಬಣ್ಣದ ಬೋರ್ಡ್. ಆ ಹಸಿರು ಬರೀ ಬಣ್ಣ. ತೇವ ತಾಳುವ ಬೋರ್ಡನ್ನು ಗುರುತಿಸಲು ಬೆರೆಸುವ ರೂಢಿ, ತಾಳಿಕೆ ಬರುವುದು ಮೆಲಮೈನ್ ಸೇರಿಸಿದ ಅಂಟಿನಿಂದ. ಆದ್ದರಿಂದ ಬಣ್ಣ ನೋಡದೆ ದರ್ಜೆ ಕೇಳಿ. ಯುರೋಪಿನ ಇಎನ್ 312 ಮಾನದಂಡದಲ್ಲಿ ಪಿ2 ಅಂದರೆ ಒಣ ಜಾಗದ ಪೀಠೋಪಕರಣಕ್ಕೆ, ಪಿ3 ಅಂದರೆ ತೇವದ ವಾತಾವರಣದಲ್ಲಿ ಭಾರ ಹೊರದ ಕೆಲಸಕ್ಕೆ. ಪಿ3 ಕೂಡ ನೀರಿನಲ್ಲಿ ನೆನೆಯಲು ಮಾಡಿದ್ದಲ್ಲ, ಅದರ ಅಂಚಿಗೂ ವಾರ್ನಿಷ್ ಬೇಕು. ಅಂಚು ಮುಚ್ಚಿದರೆ ಇನ್ನೊಂದು ಲಾಭವಿದೆ. ಸೆಕೆ, ತೇವ ಹೆಚ್ಚಾದಾಗ ಬೋರ್ಡಿನಿಂದ ಹೊರಬರುವ ಫಾರ್ಮಾಲ್ಡಿಹೈಡ್ ಸಹ ಹೆಚ್ಚುತ್ತದೆ, ಮುಚ್ಚಿದ ಅಂಚಿನಿಂದ ಅದು ಕಡಿಮೆ ಹೊರಬರುತ್ತದೆ. ಮಲಗುವ ಕೋಣೆಯ ವಾರ್ಡ್‌ರೋಬಿಗೆ ಇದೊಂದೇ ಕಾರಣ ಸಾಕು.

ಊದಿದ ಟಿವಿ ಯೂನಿಟ್ ಏನಾಯಿತು ಅಂದರೆ, ಅರ್ಧ ಉಳಿಯಿತು. ಸಾಮಾನು ತೆಗೆದು, ಗಾಳಿ ಆಡುವ ಕಡೆ ಹಲಗೆಯನ್ನು ನಿಲ್ಲಿಸಿ ನಿಧಾನವಾಗಿ ಒಣಗಿಸಿದೆವು. ಹೇರ್ ಡ್ರೈಯರ್ ಹಿಡಿದರೆ ಮೇಲಿನ ಪದರ ಗುಳ್ಳೆ ಏಳಬಹುದು. ಪೂರ್ತಿ ಒಣಗಿದ ಮೇಲೆ ಬಿರುಕಿಗೆ ಮರದ ಗೋಂದು ತುಂಬಿ, ಪ್ಲಾಸ್ಟಿಕ್ ಹಾಳೆ ಇಟ್ಟು, ಎರಡು ಗಟ್ಟಿ ಪಟ್ಟಿಗಳ ನಡುವೆ ಕ್ಲಾಂಪ್ ಹಾಕಿ ಬಿಗಿದೆವು. ಉಳಿದ ಏರನ್ನು ಉಜ್ಜಿ, ಎಪಾಕ್ಸಿ ಫಿಲ್ಲರ್ ತುಂಬಿ, ವಾರ್ನಿಷ್ ಹಚ್ಚಿದ ಬದಿ ಈಗಲೂ ಗಟ್ಟಿಯಾಗಿದೆ. ಇನ್ನೊಂದು ಬದಿಯಲ್ಲಿ ಸ್ಕ್ರೂ ತಿರುಗಿಸಿದರೆ ಹಿಡಿತವೇ ಇಲ್ಲದೆ ಸುಮ್ಮನೆ ಸುತ್ತುತ್ತಿತ್ತು, ಉಗುರಿನಿಂದ ಕೆರೆದರೆ ಚೂರು ಕಳಚುತ್ತಿತ್ತು. ಆ ಹಂತಕ್ಕೆ ಹೋದ ಹಲಗೆಗೆ ಗೋಂದು ಸುರಿಯುವುದು ದಂಡ. ಇಡೀ ಯೂನಿಟ್ಟನ್ನು ಎಸೆಯಬೇಕಿಲ್ಲ. ಅದೇ ಅಳತೆಗೆ ಒಂದು ಹಲಗೆ ಕತ್ತರಿಸಿಕೊಂಡು ಬಂದು, ನಾಲ್ಕೂ ಅಂಚಿಗೆ ಮೂರು ಕೋಟು ಹಚ್ಚಿ ಒಣಗಿಸಿದ ಮೇಲೆ ಜೋಡಿಸಿದೆವು.