ಬಿಲ್ಲೆಯೊಳಗಿನ ಬೆಂಕಿ: ಮೊಬೈಲ್, ತಂತಿ, ಎಕ್ಸ್-ರೇ

ನಿಕ್ಕಲ್ ಪುಡಿ, ಅಲ್ಯುಮಿನಿಯಂ ಪುಡಿ ಬೆರೆಸಿ ಒತ್ತಿ ಮಾಡಿದ ಬಿಲ್ಲೆ. ಒಂದು ತುದಿಗೆ ಕಾದ ಟಂಗ್‌ಸ್ಟನ್ ಸುರುಳಿ ಮುಟ್ಟಿಸಿದರೆ ಉರಿಯ ಪಟ್ಟಿ ತಾನಾಗಿಯೇ ಇನ್ನೊಂದು ತುದಿಗೆ ಓಡುತ್ತದೆ. ಕೊನೆಗೆ ಉಳಿಯುವುದೂ ಗಟ್ಟಿ ವಸ್ತುವೇ. ಇಂಥ ಉರಿಯನ್ನು 1967ರಲ್ಲಿ ರಷ್ಯಾದ ಚೆರ್ನೊಗೊಲೊವ್ಕಾದಲ್ಲಿ ವಿಜ್ಞಾನಿ ಮೆರ್ಜಾನೊವ್ ಮತ್ತು ಜೊತೆಗಾರರು ಗುರುತಿಸಿದರು. ‘ಘನ ಜ್ವಾಲೆ’ ಎಂಬ ಹೆಸರು ಅದಕ್ಕೆ ಅಂಟಿಕೊಂಡಿತು. ಅದನ್ನು ನೋಡಲು ಮಡಿಕೇರಿಯ ನಮ್ಮ ಪುಟ್ಟ ಲ್ಯಾಬಿನಲ್ಲಿ ಶುರುಮಾಡಿ ಮೂರು ದಾರಿ ಹಿಡಿದೆ.

ಮೊದಲು ಮೊಬೈಲ್. ಸೆಕೆಂಡಿಗೆ 240 ಚಿತ್ರ. ಬರಿಗಣ್ಣಿನಂತೆಯೇ ಅದಕ್ಕೂ ಕಣ್ಣು ಕತ್ತಲೆ, ಎಲ್ಲ ಬರೀ ಬಿಳಿ. ವೆಲ್ಡಿಂಗ್ ಗ್ಲಾಸನ್ನು ಬಟ್ಟೆ ಕ್ಲಿಪ್ಪಿನಿಂದ ಸಿಕ್ಕಿಸಿದ ಮೇಲೆ ಪಟ್ಟಿ ಸ್ಪಷ್ಟವಾಗಿ ಕಂಡಿತು. ವೇಗ ಅಳೆಯಲು ಇಷ್ಟು ಧಾರಾಳ.

ಎರಡನೆಯದು ಥರ್ಮೋಕಪಲ್, ಅಂದರೆ ತಾಪ ಅಳೆಯುವ ಜೋಡಿ ತಂತಿ. ಅದರ ವಿಷಯದಲ್ಲಿ ಕೈ ಸುಟ್ಟುಕೊಂಡೆ. ಈ ಕ್ರಿಯೆಯ ಲೆಕ್ಕದ ತಾಪ ಸುಮಾರು 1638 ಡಿಗ್ರಿ. ಅಗ್ಗದ ಕೆ-ಮಾದರಿ ತಂತಿ 1400ರ ಸುತ್ತಲೇ ಕರಗುತ್ತದೆ. ಸಾಲದ್ದಕ್ಕೆ ಆ ತಂತಿಯೂ ನಿಕ್ಕಲ್ ಮಿಶ್ರಲೋಹ, ಅಲ್ಯುಮಿನಿಯಂ ಅದನ್ನೂ ನುಂಗಿತು. ಗ್ರಾಫ್ ಏರುತ್ತಾ ಹೋಗಿ ಫಕ್ಕನೆ ಕಡಿದುಹೋಯಿತು.

ಮೂರನೆಯದಕ್ಕೆ ಬಿಲ್ಲೆಗಳನ್ನು ಡಬ್ಬಿಯಲ್ಲಿ ಹತ್ತಿ ಸುತ್ತಿಟ್ಟು ಮೈಸೂರಿನ ಬಸ್ಸು ಹತ್ತಿದೆ. ಅಲ್ಲಿ ವೆಲ್ಡಿಂಗ್ ಬೆಸುಗೆ ಪರೀಕ್ಷಿಸುವವರ ಬಳಿ 160 ಕಿಲೋವೋಲ್ಟಿನ ಎಕ್ಸ್-ರೇ ಇತ್ತು. ಸೀಸದ ಗೋಡೆಯ ಆಚೆ, ಎದೆಗೆ ವಿಕಿರಣ ಬ್ಯಾಡ್ಜು ಸಿಕ್ಕಿಸಿಕೊಂಡು ಕೂತೆ. ಸೆಕೆಂಡಿಗೆ 30 ಚಿತ್ರ ಮಾತ್ರ, ಹಾಗಾಗಿ ಇಡೀ ಓಟಕ್ಕೆ ಹದಿನೈದು ಚಿತ್ರ ದಕ್ಕಿತು, ಅವೂ ಸ್ವಲ್ಪ ಮಸುಕು. ಆದರೂ ಎಂಟನೆಯ ಚಿತ್ರ ನೋಡಿ ಕುರ್ಚಿಯಿಂದ ಎದ್ದೇಬಿಟ್ಟೆ. ಪಟ್ಟಿ ದಾಟಿದ ಜಾಗದ ಬೆನ್ನಿಗೇ, ಬಿಲ್ಲೆಯ ನಡುವೆ ಅಡ್ಡಲಾಗಿ ಕೂದಲೆಳೆಯ ಗೆರೆ. ಮುಂದಿನ ಚಿತ್ರದಲ್ಲಿ ಅದು ಬಾಯಿ ಬಿಟ್ಟಿತ್ತು. ಅದೇ ಓಟದ ಮೊಬೈಲ್ ವಿಡಿಯೋದಲ್ಲಿ ಮೈ ನುಣ್ಣಗೆ, ಪಟ್ಟಿ ಎಲ್ಲೂ ತಡೆಯದೆ ಸಾಗಿತ್ತು.

ಇಲ್ಲಿ ಒಂದು ಮಾತು ಹೇಳಲೇಬೇಕು. ಎಕ್ಸ್-ರೇಗೆ ರಾಸಾಯನಿಕ ಕ್ರಿಯೆ ಕಾಣುವುದಿಲ್ಲ. ನಿಕ್ಕಲ್ಲೂ ಅಲ್ಯುಮಿನಿಯಮ್ಮೂ ಕೂಡಿದರೂ ಕಿರಣದ ದಾರಿಯಲ್ಲಿರುವ ಪರಮಾಣುಗಳು ಅವೇ. ಅವು ಜಾಗ ಬಿಟ್ಟು ಸರಿದಾಗ ಮಾತ್ರ ನೆರಳು ಬದಲಾಗುತ್ತದೆ: ಬಿರುಕು, ಗುಳ್ಳೆ, ಉಬ್ಬು, ಕರಗಿ ಹರಿದದ್ದು. ಹೊಸ ಸಂಯುಕ್ತ ಯಾವ ಗಳಿಗೆಯಲ್ಲಿ ಹುಟ್ಟಿತು ಎಂದು ತಿಳಿಯಬೇಕಿದ್ದರೆ ಎಕ್ಸ್-ರೇ ವಿವರ್ತನೆಯೇ ಬೇಕು, ಅಂದರೆ ಚದುರಿದ ಕಿರಣದಿಂದ ಹರಳಿನ ರಚನೆ ಓದುವ ವಿಧಾನ. ಓಡುವ ಉರಿಯಲ್ಲಿ ಅದಕ್ಕೆ ಸಿಂಕ್ರೋಟ್ರಾನಿನಷ್ಟು ಪ್ರಖರ ಕಿರಣ ಬೇಕು. ಅದು ಎಲೆಕ್ಟ್ರಾನುಗಳನ್ನು ಸುತ್ತಿಸಿ ಕಿರಣ ಹೊಮ್ಮಿಸುವ ದೈತ್ಯ ಯಂತ್ರ, ಇಂದೋರಿನ ಇಂಡಸ್-2ರಂಥದ್ದು. ನನ್ನ ಜೇಬಿಗೆ ದೂರ.

ಊರಿಗೆ ಬಂದು ಚಿತ್ರ ತೋರಿಸಿದಾಗ ದೊಡ್ಡಪ್ಪ ಕನ್ನಡಕ ಏರಿಸಿ ನೋಡಿದರು. “ಕಾಂಡಕೊರಕದ ಹಾಗೆಯೇ ಅಲ್ವಾ? ಅರೇಬಿಕಾ ಕಾಫಿ ಗಿಡ ಹೊರಗೆ ಸರಿಯಾಗೇ ಇರ್ತದೆ, ತೊಗಟೆ ಮೇಲೆ ಉಬ್ಬು ಗೆರೆ ಕಂಡ್ರೆ ಹುಳ ಒಳಗೆ ಹೊಕ್ಕಾಯ್ತು.” ನನ್ನ ಬಿಲ್ಲೆಯಲ್ಲಿ ಆ ಉಬ್ಬು ಗೆರೆಯೂ ಇರಲಿಲ್ಲ, ದೊಡ್ಡಪ್ಪ.

ನನ್ನ ಗುಮಾನಿ ಜೂನ್ ತಿಂಗಳ ಮೇಲೆ. ಮಳೆಗಾಲದ ಮಡಿಕೇರಿಯಲ್ಲಿ ಉಪ್ಪಿನ ಡಬ್ಬಿಯೇ ನೀರಾಗುತ್ತದೆ; ಪುಡಿ ಹೀರಿದ ತೇವ ಉರಿಯಲ್ಲಿ ಆವಿ, ಅನಿಲವಾಗಿ ಬಿಲ್ಲೆಯನ್ನು ಸೀಳಿರಬೇಕು. ಈಗ ಬಿಲ್ಲೆಗಳನ್ನು ಓವನ್ನಿನಲ್ಲಿ ಒಣಗಿಸಿ, ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿಟ್ಟಿದ್ದೇನೆ. ದಿನದ ಕೆಲಸಕ್ಕೆ ಮೊಬೈಲೇ ಸಾಕು. ಒಣಗಿಸಿದ ಬಿಲ್ಲೆ ಬಿರಿಯುತ್ತದೋ ಇಲ್ಲವೋ ನೋಡಲು ಮಾತ್ರ ಮತ್ತೆ ಬಸ್ಸು ಹತ್ತಬೇಕು.