ಆಲ್ಜೀಬ್ರಾ ಟೈಲ್ಸ್: ಎಲ್ಲ ಚೆನ್ನಾಗಿದೆ, ಆ ಎಕ್ಸ್ ಪಟ್ಟಿ ಒಂದು ಬಿಟ್ಟು

ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಸಂಜೆಯ ಪರಿಹಾರ ಬೋಧನೆಯೂ ನನ್ನದೇ. ಹಗಲು ಅರ್ಥವಾಗದ ಲೆಕ್ಕವನ್ನು ಸಂಜೆ ಅದೇ ಬೋರ್ಡಿನ ಮೇಲೆ ಇನ್ನೊಂದು ಸಲ ಬರೆದರೆ ಏನು ಬಂತು? ಅದಕ್ಕೇ ಕೈಯಿಂದ ದುಡ್ಡು ಹಾಕಿ ಪ್ಲಾಸ್ಟಿಕ್ಕಿನ ಆಲ್ಜೀಬ್ರಾ ಟೈಲ್ಸ್ ತರಿಸಿದೆ. ದೊಡ್ಡ ಚೌಕ ಅಂದರೆ ಎಕ್ಸ್ ಸ್ಕ್ವೇರ್, ಉದ್ದ ಪಟ್ಟಿ ಅಂದರೆ ಎಕ್ಸ್, ಚಿಕ್ಕ ಚೌಕದ ಬಿಲ್ಲೆ ಅಂದರೆ ಒಂದು. ಈಗ ಎರಡನೇ ವರ್ಷ.

ಮೊದಲು ಖುಷಿಯ ವಿಷಯ. ಎಕ್ಸ್ ಪ್ಲಸ್ ಮೂರು ಹೋಲ್ ಸ್ಕ್ವೇರ್ ಎಂದರೆ ಎಕ್ಸ್ ಸ್ಕ್ವೇರ್ ಪ್ಲಸ್ ಒಂಬತ್ತು ಎಂದು ಬರೆಯುವವರು ಪ್ರತಿ ತರಗತಿಯಲ್ಲೂ ಇರುತ್ತಾರೆ, ಅಲ್ವಾ? ಅಂಥವರ ಮುಂದೆ ಎಕ್ಸ್ ಸ್ಕ್ವೇರಿನ ದೊಡ್ಡ ಚೌಕ ಒಂದನ್ನೂ ಒಂಬತ್ತು ಚಿಕ್ಕ ಬಿಲ್ಲೆಗಳನ್ನೂ ಇಡುತ್ತೇನೆ. ಬಿಲ್ಲೆಗಳನ್ನು ಮೂರು ಸಾಲು ಮಾಡಿ ದೊಡ್ಡ ಚೌಕದ ಮೂಲೆಗೆ ತಾಗಿಸಬೇಕು. ಎರಡು ಕಡೆ ಜಾಗ ಖಾಲಿ ಉಳಿಯುತ್ತದೆ. ಒಂದೊಂದರಲ್ಲೂ ಎಕ್ಸ್ ಪಟ್ಟಿ ಮೂರು ಮೂರು ಹಿಡಿಯುತ್ತವೆ. "ಓ, ಆರು ಎಕ್ಸ್ ಇಲ್ಲಿತ್ತಾ ಮಿಸ್!" ಸೂತ್ರವನ್ನು ಎಷ್ಟು ಉರು ಹೊಡೆಸಿದರೂ ಈ ಮಾತು ಬಂದಿರಲಿಲ್ಲ.

ಪ್ಲಾಸ್ಟಿಕ್ ಡೆಸ್ಕಿನ ಮೇಲೆ ಬಿದ್ದರೆ ಪಕ್ಕದ ಕೋಣೆಯವರೆಗೂ ಸದ್ದು. ಹಾಗಾಗಿ ಹಳೇ ಟವೆಲ್ ಹಾಸಿ ಅದರ ಮೇಲೆ ಸುರಿಯುತ್ತೇವೆ. ಮುಗಿದ ಮೇಲೆ ಪಟ್ಟಿಗಳಿಗೆ ರಬ್ಬರ್ ಬ್ಯಾಂಡ್, ಬಿಲ್ಲೆಗಳಿಗೆ ಖಾಲಿ ಚ್ಯವನಪ್ರಾಶದ ಡಬ್ಬಿ. ಎಣಿಸದೆ ಯಾರನ್ನೂ ಮನೆಗೆ ಕಳಿಸುವುದಿಲ್ಲ. ಕಡಿಮೆ ಬಂದರೆ ಯಾರದೋ ಕಂಪಾಸ್ ಬಾಕ್ಸಿನಲ್ಲಿ ಸಿಗುತ್ತದೆ.

ಈಗ ಸಿಟ್ಟಿನ ವಿಷಯ. ಈ ಸೆಟ್ಟಿನಲ್ಲಿ ಎಕ್ಸ್ ಪಟ್ಟಿಯ ಪಕ್ಕ ಐದು ಬಿಲ್ಲೆ ಕೂದಲೆಳೆಯೂ ಆಚೀಚೆ ಆಗದೆ ಕೂರುತ್ತವೆ. ಮಕ್ಕಳ ಕಣ್ಣಿಗೆ ಇಂಥದ್ದು ಬೇಗ ಬೀಳುತ್ತದೆ. ಎಕ್ಸ್ ಅಂದರೆ ಐದು ಎಂದು ಅವರೇ ತೀರ್ಮಾನ ಮಾಡಿಬಿಟ್ಟರು. ಕಿರುಪರೀಕ್ಷೆಯಲ್ಲಿ ಎಕ್ಸ್ ಸ್ಕ್ವೇರ್ ಪ್ಲಸ್ ಐದು ಎಕ್ಸ್ ಪ್ಲಸ್ ಆರನ್ನು ಅಪವರ್ತಿಸಿ ಎಂದರೆ ಒಬ್ಬ ನೀಟಾಗಿ 56 ಎಂದು ಬರೆದು ಕೆಳಗೆ ಗೆರೆಯನ್ನೂ ಎಳೆದಿದ್ದ. ಇಪ್ಪತ್ತೈದು, ಮತ್ತೊಂದು ಇಪ್ಪತ್ತೈದು, ಆರು. ಅವನ ಕೂಡುವ ಲೆಕ್ಕ ಸರಿಯಾಗೇ ಇತ್ತು! ಒಳ್ಳೆಯ ಸೆಟ್ಟುಗಳಲ್ಲಿ ಪಟ್ಟಿಯ ಉದ್ದ ಬಿಲ್ಲೆಗಳ ಲೆಕ್ಕಕ್ಕೆ ಸಿಗದ ಹಾಗೆ ಬೇಕಂತಲೇ ಕತ್ತರಿಸಿರುತ್ತಾರೆ. ಮಾರಿದವರಿಗೆ ಬರೆದರೆ "ಪೀಸ್ ಒಡೆದಿಲ್ಲವಲ್ಲ ಮೇಡಂ" ಎಂಬ ಉತ್ತರ ಬಂತು.

ಮೈನಸ್ ಬಂದರೆ ಇನ್ನೊಂದು ತಲೆನೋವು. ಟೈಲ್ಸಿನಲ್ಲಿ ಅಪವರ್ತಿಸುವುದೆಂದರೆ ಎಲ್ಲವನ್ನೂ ಒಂದು ಆಯತವಾಗಿ ಜೋಡಿಸಿ ಅದರ ಬದಿಗಳನ್ನು ಓದುವುದು. ಎಕ್ಸ್ ಸ್ಕ್ವೇರ್ ಮೈನಸ್ ಎಕ್ಸ್ ಮೈನಸ್ ಆರಕ್ಕೆ ಇದ್ದ ಟೈಲ್ಸ್ ಮಾತ್ರ ಜೋಡಿಸಿದರೆ ಆಯತ ಆಗುವುದಿಲ್ಲ. ಎರಡು ಹಸಿರು (ಪ್ಲಸ್) ಪಟ್ಟಿ, ಎರಡು ಕೆಂಪು (ಮೈನಸ್) ಪಟ್ಟಿ ಹೊಸದಾಗಿ ತಂದು ಸೇರಿಸಬೇಕು. ಕೂಡಿದರೆ ಸೊನ್ನೆ, ಸರಿ. ಆದರೆ ಇಲ್ಲದ್ದನ್ನು ಯಾಕೆ ತರಬೇಕು ಎಂದು ಹಿಂದುಳಿದ ಮಗುವಿಗೆ ಹೇಳುವಷ್ಟರಲ್ಲಿ ಬಸ್ಸಿನ ಹೊತ್ತಾಗಿರುತ್ತದೆ. ಮೈನಸ್ ಲೆಕ್ಕಕ್ಕೆ ನಾನು ಬೋರ್ಡಿಗೇ ವಾಪಸ್ ಹೋಗಿದ್ದೇನೆ.

ಪಟ್ಟಿಯ ಮೇಲಿನ ಸಿಟ್ಟಿನಲ್ಲಿ ಸ್ಟೇಷನರಿ ಅಂಗಡಿಯಿಂದ ಫೋಮ್ ಶೀಟ್ ತಂದು ಕತ್ತರಿಸಿದೆವು. ಬಿಲ್ಲೆ 2 ಸೆಂ.ಮೀ., ಪಟ್ಟಿ 9.3 ಸೆಂ.ಮೀ. ಉದ್ದ. ಉಳಿದ ಹಾಳೆಯಲ್ಲಿ 7.3ರದ್ದೂ ಒಂದು ಸೆಟ್ ಆಯಿತು. ಮುಂದಿನ ಬೆಂಚಿಗೆ ಉದ್ದದ್ದು, ಹಿಂದಿನ ಬೆಂಚಿಗೆ ಗಿಡ್ಡದ್ದು, ಇಬ್ಬರಿಗೂ ಒಂದೇ ಲೆಕ್ಕ. ಅವರ ಆಯತವೇ ಬೇರೆ, ನಮ್ಮದೇ ಬೇರೆ, ಆದರೂ ಉತ್ತರ ಹೇಗೆ ಒಂದೇ ಬಂತು ಅಂತ ಜಗಳಕ್ಕೇ ನಿಂತರು. ಇಂಥ ಜಗಳ ದುಡ್ಡು ಕೊಟ್ಟ ಸೆಟ್ಟಿನಿಂದ ಒಂದು ದಿನವೂ ಹುಟ್ಟಿರಲಿಲ್ಲ.

ಹತ್ತನೆಯವರೂ ಈಗ ಫೋಮಿನದ್ದನ್ನೇ ಕೇಳಿ ಒಯ್ಯುತ್ತಾರೆ. ಎಕ್ಸ್ ಸ್ಕ್ವೇರ್ ಪ್ಲಸ್ ಹತ್ತು ಎಕ್ಸ್ ಈಕ್ವಲ್ ಟು 39. ಬಾಗ್ದಾದಿನ ಅಲ್ ಖ್ವಾರಿಜ್ಮಿ 9ನೇ ಶತಮಾನದಲ್ಲಿ ಚೌಕ ಎಳೆದು ಬಿಡಿಸಿದ ಲೆಕ್ಕ ಇದು. ಐದೈದು ಪಟ್ಟಿ ಎರಡು ಕಡೆ ಇಟ್ಟರೆ ಮೂಲೆಗೆ 25 ಬಿಲ್ಲೆ ಬೇಕು. 39ಕ್ಕೆ 25 ಸೇರಿ 64, ಚೌಕದ ಬದಿ 8, ಎಕ್ಸ್ 3. ಪ್ಲಾಸ್ಟಿಕ್ ಸೆಟ್ಟಿನಲ್ಲಿ ಅಷ್ಟು ಬಿಲ್ಲೆಯೇ ಇಲ್ಲ.

ಕೊಳ್ಳಲೇಬೇಕೆಂದರೆ ಅಂಗಡಿಯಲ್ಲೇ ಪಟ್ಟಿಯ ಪಕ್ಕ ಬಿಲ್ಲೆ ಜೋಡಿಸಿ ನೋಡಿ. ಸರಿಯಾಗಿ ಕೂತರೆ ಅಲ್ಲೇ ಬಿಟ್ಟು ಬನ್ನಿ.