ಇಸವಿ ಬಾಯಿಗೆ ಬರುತ್ತದೆ, ಸಾಲಿಗೆ ಬರುವುದಿಲ್ಲ: ಒಂದು ಇತಿಹಾಸ ಕ್ವಿಜ್ ಪೆಟ್ಟಿಗೆಯ ಜೊತೆ ಆರು ವಾರ

ಪೆಟ್ಟಿಗೆಯ ಮುಚ್ಚಳದ ಮೇಲೆ ದಪ್ಪ ಅಕ್ಷರದಲ್ಲಿ 'ವಿಶ್ವ ಇತಿಹಾಸ ನಿಮಗೆಷ್ಟು ಗೊತ್ತು?' ಅಂತ ಇತ್ತು. ಓದಿದ ತಕ್ಷಣ ನನಗೆ ಸ್ವಲ್ಪ ಜಂಬ ಬಂತು. ಕಾರಣ ಇದೆ. ನಾನು ಲೆಕ್ಕ ಬರೆಯುವ ಕೆಲಸದವಳು. ಇಪ್ಪತ್ತೆರಡು ವರ್ಷದಿಂದ ಅಂಕಿಗಳ ಜೊತೆಯೇ ಒಡನಾಟ. ಶಾಲೆಯಲ್ಲಿ ಉರು ಹೊಡೆದ ಇಸವಿಗಳು ಈಗಲೂ ಫೋನ್ ನಂಬರಿನ ಥರ ತಲೆಯಲ್ಲಿ ಕೂತಿವೆ. 1453, 1492, 1789, 1917, ಯಾವುದು ಬೇಕಾದರೂ ಕೇಳಿ. ಅಕ್ಕನ ಮಗನಿಗೆ ಹದಿಮೂರು ವರ್ಷ. ಅವನ ಜೊತೆ ಆಡೋಣ, ಪಾಪ, ನಡುವೆ ಒಂದೆರಡು ಆಟ ಬೇಕಂತಲೇ ಸೋಲೋಣ ಅಂದುಕೊಂಡೆ.

ಆರು ವಾರ ಆಯಿತು. ಬೇಕಂತಲೇ ಸೋಲುವ ಸಂದರ್ಭ ಇನ್ನೂ ಬಂದಿಲ್ಲ.

ತಯಾರಿಸಿದವರ ಹೆಸರು ಹೇಳುವುದಿಲ್ಲ. ಮುಂದೆ ನಾಲ್ಕಾರು ತಪ್ಪು ಎತ್ತಿ ತೋರಿಸುವವಳಿದ್ದೇನೆ, ಅವರನ್ನು ಬೀದಿಗೆ ಎಳೆಯುವುದು ನನ್ನ ಉದ್ದೇಶ ಅಲ್ಲ. ಈ ಥರದ ಪೆಟ್ಟಿಗೆಗಳು ಸಾಕಷ್ಟಿವೆ, ಕೊಳ್ಳುವಾಗ ಏನು ನೋಡಬೇಕು ಅಂತ ತಿಳಿದರೆ ಸಾಕು. ಒಳಗೆ ನಾಲ್ಕು ಬಣ್ಣದ ಕಾರ್ಡುಗಳಿವೆ, ಒಂದು ಮರಳು ಗಡಿಯಾರ ಇದೆ, ಇರುವೆ ಸಾಲಿನಂಥ ಅಕ್ಷರದ ನಿಯಮ ಪುಸ್ತಕ ಇದೆ. ನೀಲಿ ಕಾರ್ಡಿನಲ್ಲಿ ನಾಲ್ಕು ಉತ್ತರದಲ್ಲಿ ಒಂದನ್ನು ಆರಿಸಬೇಕು. ಹಸಿರಿನಲ್ಲಿ ನಿಜವೋ ಸುಳ್ಳೋ ಹೇಳಬೇಕು. ಕೆಂಪಿನಲ್ಲಿ 'ನಾನು ಯಾರು?' ಹಳದಿಯಲ್ಲಿ ಘಟನೆಗಳನ್ನು ಕಾಲದ ಸಾಲಿನಲ್ಲಿ ಜೋಡಿಸಬೇಕು.

ನೀಲಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ, ಹೇಳುವುದಕ್ಕೆ ಇಲ್ಲ. ನಾಲ್ಕರಲ್ಲಿ ಒಂದು ಅಂದಮೇಲೆ ಏನೂ ಗೊತ್ತಿಲ್ಲದವರು ಕಣ್ಣು ಮುಚ್ಚಿ ಹೇಳಿದರೂ ಇಪ್ಪತ್ತಕ್ಕೆ ಸರಾಸರಿ ಐದು ಸರಿ ಆಗುತ್ತದೆ. ಅದರ ಮೇಲೆ ಕೊಟ್ಟಿರುವ ಉತ್ತರಗಳನ್ನು ನೋಡಿ. 'ಬರ್ಲಿನ್ ಗೋಡೆ ಉರುಳಿದ್ದು ಯಾವಾಗ? 1889, 1939, 1989, 2009.' ಗೋಡೆ ಕಟ್ಟಿದ್ದೇ 1961ರಲ್ಲಿ. ಗೋಡೆಯ ಹೆಸರು ಒಮ್ಮೆ ಕೇಳಿದವರಿಗೂ ಇದರಲ್ಲಿ ಯೋಚಿಸುವಂಥದ್ದೇನಿದೆ? 1987, 1989, 1990, 1991 ಅಂತ ಕೊಟ್ಟಿದ್ದರೆ ನಾನೂ ಒಂದು ಕ್ಷಣ ತಡವರಿಸುತ್ತಿದ್ದೆ. ಜರ್ಮನಿ ಒಂದಾದದ್ದು 1990, ಸೋವಿಯತ್ ಒಕ್ಕೂಟ ಒಡೆದದ್ದು 1991. ಈ ಮೂರನ್ನು ಬಿಡಿಸಿ ಹೇಳಬಲ್ಲವರಿಗೆ ವಿಷಯ ಗೊತ್ತಿದೆ ಅಂತ ಅರ್ಥ. ತಪ್ಪು ಉತ್ತರಗಳನ್ನು ಬರೆಯುವುದಕ್ಕೆ ಸರಿ ಉತ್ತರಕ್ಕಿಂತ ಜಾಸ್ತಿ ಓದಿರಬೇಕು. ಇವರು ಅಲ್ಲಿ ಕೈ ಬಿಗಿ ಹಿಡಿದಿದ್ದಾರೆ.

ನನ್ನ ಜಂಬ ಇಳಿದದ್ದು ಹಳದಿಯಲ್ಲಿ.

ಅಲ್ಲಿ ಇಸವಿ ಯಾರೂ ಕೇಳುವುದಿಲ್ಲ. ಮುಂಭಾಗದಲ್ಲಿ ಘಟನೆ, ಹಿಂಭಾಗದಲ್ಲಿ ವರ್ಷ. ಮೇಜಿನ ಮೇಲಿರುವ ಸಾಲಿನಲ್ಲಿ ನಿಮ್ಮ ಕಾರ್ಡನ್ನು ಸರಿಯಾದ ಜಾಗದಲ್ಲಿ ಇಟ್ಟು ಆಮೇಲೆ ತಿರುಗಿಸಬೇಕು. ಮೊದಲ ದಿನವೇ ನನ್ನ ಕೈಗೆ ನಾಲ್ಕು ಬಂದವು. ಅಮೆರಿಕದ ಅಂತರ್ಯುದ್ಧದ ಕೊನೆ, ಜಪಾನಿನಲ್ಲಿ ಮೇಜಿ ಚಕ್ರವರ್ತಿಯ ಆಡಳಿತದ ಆರಂಭ, ಸೂಯೆಜ್ ಕಾಲುವೆ ತೆರೆದದ್ದು, ಜರ್ಮನ್ ಸಾಮ್ರಾಜ್ಯದ ಘೋಷಣೆ. ಕಾಲುವೆ ಹಳೆಯದು ಅನ್ನಿಸಿತು, ಮೊದಲು ಇಟ್ಟೆ. ಜಪಾನ್ ಏನೋ ಹೊಸದು ಅನ್ನಿಸಿತು, ಕೊನೆಗೆ ಇಟ್ಟೆ. ತಿರುಗಿಸಿದರೆ 1869, 1865, 1871, 1868. ನಾಲ್ಕೂ ಆರು ವರ್ಷದೊಳಗೆ! ಇವೆಲ್ಲ ಒಂದೇ ಹೊತ್ತಿನಲ್ಲಿ ನಡೆದವು ಅಂತ ನಾನು ಯಾವತ್ತೂ ಯೋಚಿಸಿರಲೇ ಇಲ್ಲ. ಶಾಲೆಯಲ್ಲಿ ಅಮೆರಿಕ ಒಂದು ಪಾಠ, ಜಪಾನ್ ಇನ್ನೊಂದು ಪಾಠ. ಪಾಠಕ್ಕೂ ಪಾಠಕ್ಕೂ ನಡುವೆ ಒಂದು ಪರೀಕ್ಷೆ, ಒಂದು ರಜೆ. ನನ್ನ ತಲೆಯಲ್ಲಿ ಲಿಂಕನ್ ಕಾಲಕ್ಕೂ ಮೇಜಿ ಕಾಲಕ್ಕೂ ನಡುವೆ ಆ ರಜೆಯಷ್ಟು ಅಂತರ ಉಳಿದುಬಿಟ್ಟಿತ್ತು.

ಹುಡುಗನಿಗೆ ಇಸವಿ ಒಂದೂ ಸರಿಯಾಗಿ ಬಾರದು. ಆದರೂ ಸಾಲು ತಪ್ಪುವುದಿಲ್ಲ. ಒಮ್ಮೆ ಅವನ ಕೈಯಲ್ಲಿ ಎರಡು ಕಾರ್ಡಿದ್ದವು. ಒಂದು, ಕಪ್ಪು ಸಾವು ಅನ್ನುವ ಪ್ಲೇಗ್ ಯುರೋಪಿಗೆ ಬಂದದ್ದು. ಇನ್ನೊಂದು, ಚೀನಾದ ಝೆಂಗ್ ಹೆ ಹಡಗುಗಳ ಮೊದಲ ಯಾನ. ಅವನು ತಲೆ ಕೆರೆಯುತ್ತಾ ಗೊಣಗಿಕೊಂಡ.

"ಝೆಂಗ್ ಹೆ ಮಿಂಗ್ ರಾಜರ ಕಡೆಯವನು. ಮಿಂಗ್ ಬಂದಿದ್ದು ಮಂಗೋಲರನ್ನ ಓಡಿಸಿ. ಪ್ಲೇಗ್ ಬಂದಾಗ ಮಂಗೋಲರು ಇನ್ನೂ ಇದ್ರು. ಹಂಗಾದ್ರೆ ಪ್ಲೇಗೇ ಮೊದಲು, ಅಲ್ವಾ ಚಿಕ್ಕಮ್ಮ?"

ತಿರುಗಿಸಿದರೆ 1347 ಮತ್ತು 1405. ನಾನು ಸುಮ್ಮನೆ ಒಂದು ಅಂಕ ಬರೆದುಕೊಂಡೆ. ನನ್ನದು ಅಂಕಿಗಳ ಪಟ್ಟಿ, ಅವನದು ಯಾರು ಬಂದರು, ಯಾರು ಹೋದರು ಅನ್ನುವ ಲೆಕ್ಕ. ಪಟ್ಟಿಯಲ್ಲಿ ಇಲ್ಲದ್ದು ಬಂದರೆ ನನ್ನ ಕೈ ಖಾಲಿ. ಅವನು ಗೊತ್ತಿರುವುದರಿಂದ ಗೊತ್ತಿಲ್ಲದ್ದಕ್ಕೆ ದಾರಿ ಮಾಡಿಕೊಳ್ಳುತ್ತಾನೆ. ಈ ಪೆಟ್ಟಿಗೆಯಲ್ಲಿ ನಿಜವಾಗಿ ಪರೀಕ್ಷೆ ಅನ್ನಿಸಿಕೊಳ್ಳುವುದು ಈ ಹಳದಿ ಕಾರ್ಡುಗಳು ಮಾತ್ರ.

ಹಾಗಂತ ಹಳದಿಯಲ್ಲೂ ಎಡವಟ್ಟಿದೆ. ಕಾಗದ ತೆಳು. ಮೂರನೇ ವಾರ ಹುಡುಗ ಇದ್ದಕ್ಕಿದ್ದಂತೆ ಪ್ರತಿ ಕಾರ್ಡನ್ನೂ ದೀಪದ ಕಡೆ ಎತ್ತಿ ಹಿಡಿದು 'ಯೋಚಿಸಲು' ಶುರು ಮಾಡಿದ. ಎರಡು ಆಟ ಕಳೆದ ಮೇಲೆ ನನಗೆ ಹೊಳೆಯಿತು. ಬೆಳಕಿಗೆ ಹಿಡಿದರೆ ಹಿಂದಿನ ಇಸವಿ ನೆರಳಿನಂತೆ ಕಾಣುತ್ತದೆ. ಈಗ ಕಾರ್ಡನ್ನು ಮೇಜಿನಿಂದ ಎತ್ತುವ ಹಾಗಿಲ್ಲ, ಅದು ನಮ್ಮ ಮನೆಯ ನಿಯಮ.

ಹಸಿರು ಕಾರ್ಡುಗಳು ಪರೀಕ್ಷೆಯಾಗಿ ಏನೂ ಅಲ್ಲ, ನಾಣ್ಯ ಚಿಮ್ಮಿದರೂ ಅರ್ಧ ಸರಿ ಬರುತ್ತದೆ. ಆದರೆ ಹಿಂಭಾಗದ ವಿವರಣೆ ಬರೆದವರಿಗೆ ಒಂದು ನಮಸ್ಕಾರ. 'ನೆಪೋಲಿಯನ್ ತೀರಾ ಕುಳ್ಳ' ಅನ್ನುವ ಕಾರ್ಡಿಗೆ ನಾನು ಧೈರ್ಯವಾಗಿ ನಿಜ ಅಂದೆ. ಸುಳ್ಳು. ಅವನ ಎತ್ತರ ಐದು ಅಡಿ ಎರಡು ಅಂಗುಲ ಅಂತ ದಾಖಲಾದದ್ದು ಹಳೆಯ ಫ್ರೆಂಚ್ ಅಳತೆಯಲ್ಲಿ. ಫ್ರೆಂಚ್ ಅಂಗುಲ ಇಂಗ್ಲಿಷ್ ಅಂಗುಲಕ್ಕಿಂತ ದೊಡ್ಡದು, ಸುಮಾರು 2.7 ಸೆಂಟಿಮೀಟರ್. ಲೆಕ್ಕ ಹಾಕಿದರೆ 168 ಸೆಂಟಿಮೀಟರ್ ಹತ್ತಿರ ಬರುತ್ತದೆ, ಆ ಕಾಲದ ಫ್ರೆಂಚ್ ಗಂಡಸಿಗೆ ಕಡಿಮೆ ಏನಲ್ಲ. ಒಂದು ಅಳತೆಯನ್ನು ಇನ್ನೊಂದಕ್ಕೆ ಬದಲಿಸದೆ ಹಾಗೇ ಬರೆದುಕೊಂಡರೆ ಏನಾಗುತ್ತದೆ ಅಂತ ನನ್ನ ಕೆಲಸದಲ್ಲಿ ದಿನಾ ನೋಡುತ್ತೇನೆ. ಒಬ್ಬ ಚಕ್ರವರ್ತಿ ಇನ್ನೂರು ವರ್ಷ ಕುಳ್ಳನಾಗಿ ಉಳಿಯಬಹುದು ಅಂತ ಗೊತ್ತಿರಲಿಲ್ಲ.

'ಅಕ್ಟೋಬರ್ ಕ್ರಾಂತಿ ನಡೆದದ್ದು ನವೆಂಬರಿನಲ್ಲಿ' ಅನ್ನುವುದೂ ಚೆನ್ನಾಗಿದೆ. ನಿಜ. ಆಗ ರಷ್ಯಾ ಹಳೆಯ ಜೂಲಿಯನ್ ಕ್ಯಾಲೆಂಡರ್ ಬಳಸುತ್ತಿತ್ತು, 13 ದಿನ ಹಿಂದೆ ಇತ್ತು. ಅವರ 1917ರ ಅಕ್ಟೋಬರ್ 25, ಉಳಿದವರಿಗೆ ನವೆಂಬರ್ 7. ನನಗೆ 1917 ಗೊತ್ತಿತ್ತು, ಇದು ಗೊತ್ತಿರಲಿಲ್ಲ.

ಇನ್ನು ಕೆಂಪು. ಇಲ್ಲಿ ನಮ್ಮನೆಯಲ್ಲಿ ಜಗಳವೇ ಆಯಿತು. ಕಾರ್ಡಿನ ಸುಳಿವು ಹೀಗಿತ್ತು: 'ಹಡಗಿನಲ್ಲಿ ಭೂಮಿಯನ್ನು ಪೂರ್ತಿ ಸುತ್ತಿದ ಮೊದಲ ಕ್ಯಾಪ್ಟನ್ ನಾನು.' ಹುಡುಗ 'ಎಲ್ಕಾನೊ' ಅಂದ. ಹಿಂದೆ ತಿರುಗಿಸಿದರೆ ಮೆಗೆಲ್ಲನ್. ನಾನು ಕಾರ್ಡೇ ಕೊನೆಯ ಮಾತು ಅಂದೆ. ಅವನು ಮುಖ ಊದಿಸಿಕೊಂಡು ಎದ್ದು ಹೋದ. ರಾತ್ರಿ ಹುಡುಕಿ ಓದಿದೆ. ಮೆಗೆಲ್ಲನ್ 1519ರಲ್ಲಿ ಐದು ಹಡಗು ತೆಗೆದುಕೊಂಡು ಹೊರಟದ್ದು ನಿಜ, ಆದರೆ 1521ರ ಏಪ್ರಿಲ್ 27ರಂದು ಫಿಲಿಪ್ಪೀನ್ಸಿನ ಮಾಕ್ಟಾನ್ ದ್ವೀಪದ ಕಾಳಗದಲ್ಲಿ ಸತ್ತ. 1522ರ ಸೆಪ್ಟೆಂಬರಿನಲ್ಲಿ ವಿಕ್ಟೋರಿಯಾ ಅನ್ನುವ ಒಂದೇ ಹಡಗನ್ನು ಸ್ಪೇನಿಗೆ ವಾಪಸ್ ತಂದವನು ಹುವಾನ್ ಸೆಬಾಸ್ಟಿಯನ್ ಎಲ್ಕಾನೊ. ಇನ್ನೂರಕ್ಕಿಂತ ಹೆಚ್ಚು ಜನ ಹೊರಟವರಲ್ಲಿ ಆ ಹಡಗಿನಲ್ಲಿ ಬಂದಿಳಿದವರು 18. ಬೆಳಿಗ್ಗೆ ಅವನ ಅಂಕ ವಾಪಸ್ ಕೊಟ್ಟೆ. "ಬಡ್ಡಿ ಎಲ್ಲಿ ಚಿಕ್ಕಮ್ಮ?" ಅಂತ ಕೇಳಿದ. ಇನ್ನೊಂದು ಅಂಕ ಹಾಕಿದೆ.

ಆಮೇಲೆ ನಾನು ಕಾರ್ಡುಗಳನ್ನು ತಪಾಸಣೆ ಮಾಡಲು ಶುರು ಮಾಡಿದೆ. ಅಭ್ಯಾಸ ಬಲ. ರೋಮಿನ ಅಗಸ್ಟಸ್ ಕಾರ್ಡು ಸಿಕ್ಕಿತು. ಹುಟ್ಟು ಕ್ರಿ.ಪೂ. 63, ಸಾವು ಕ್ರಿ.ಶ. 14, 'ಬದುಕಿದ್ದು 77 ವರ್ಷ' ಅಂತ ಅಚ್ಚಾಗಿದೆ. ಯಾರೋ ಎರಡನ್ನೂ ಕೂಡಿಬಿಟ್ಟಿದ್ದಾರೆ. ಕ್ರಿ.ಪೂ. 1 ಆದಮೇಲೆ ನೇರ ಕ್ರಿ.ಶ. 1. ನಡುವೆ ಸೊನ್ನೆ ವರ್ಷ ಇಲ್ಲ. ಹಾಗಾಗಿ ಒಂದು ಕಳೆಯಬೇಕು, 76. ಅದೂ ಅಲ್ಲ, ಅವನು ಹುಟ್ಟಿದ್ದು ಸೆಪ್ಟೆಂಬರ್ 23, ಸತ್ತದ್ದು ಆಗಸ್ಟ್ 19. ಹುಟ್ಟುಹಬ್ಬಕ್ಕೆ ಇನ್ನೂ ಒಂದು ತಿಂಗಳ ಮೇಲೆ ಬಾಕಿ ಇತ್ತು. ಸರಿಯಾದ ವಯಸ್ಸು 75. ಒಂದೇ ಸಾಲಿನಲ್ಲಿ ಎರಡು ವರ್ಷದ ವ್ಯತ್ಯಾಸ! ಇತಿಹಾಸದಲ್ಲಿ ನನಗೆ ಸಿಕ್ಕ ಏಕೈಕ ಗೆಲುವು ಇದು, ಹಾಗಾಗಿ ವಿವರವಾಗಿ ಬರೆದೆ.

ತಪ್ಪಿಗಿಂತ ನನಗೆ ಜಾಸ್ತಿ ಬೇಜಾರಾದದ್ದು ಇಲ್ಲದಿರುವುದಕ್ಕೆ. ವಿಶ್ವ ಇತಿಹಾಸ ಅನ್ನುವುದು ಮುಚ್ಚಳದ ಮಾತು. ಒಳಗೆ ಅರ್ಧಕ್ಕಿಂತ ಜಾಸ್ತಿ ಯುರೋಪು. ಫ್ರೆಂಚ್ ಕ್ರಾಂತಿಗೆ ಒಂಬತ್ತು ಕಾರ್ಡಿವೆ, ತಲೆ ಕತ್ತರಿಸುವ ಯಂತ್ರ ಗಿಲೊಟಿನ್‌ಗೆ ಬೇರೆಯಾಗಿ ಒಂದು. ಅದೇ ಹೊತ್ತಿಗೆ, 1791ರಲ್ಲಿ, ಫ್ರಾನ್ಸಿನದೇ ವಸಾಹತಿನಲ್ಲಿ ಗುಲಾಮರು ದಂಗೆ ಎದ್ದು 1804ರಲ್ಲಿ ಹೈಟಿ ಅನ್ನುವ ಸ್ವತಂತ್ರ ದೇಶ ಕಟ್ಟಿದರು. ಅದಕ್ಕೆ ಕಾರ್ಡೇ ಇಲ್ಲ. 1825ರಲ್ಲಿ ಫ್ರಾನ್ಸ್ ಯುದ್ಧನೌಕೆಗಳನ್ನು ಕಳಿಸಿ, ನಷ್ಟ ತುಂಬಿಕೊಡಿ ಅಂತ 15 ಕೋಟಿ ಫ್ರಾಂಕ್ ಕೇಳಿತು. ಮುಂದೆ ಅದನ್ನು 9 ಕೋಟಿಗೆ ಇಳಿಸಿದರು. ಅದನ್ನು ಕಟ್ಟಲು ಮಾಡಿದ ಸಾಲದ ಹೊರೆ ಇಪ್ಪತ್ತನೇ ಶತಮಾನದವರೆಗೂ ಇಳಿಯಲಿಲ್ಲ. ಬಿಡುಗಡೆ ಆದವರೇ ಹಳೆಯ ಒಡೆಯರಿಗೆ ದುಡ್ಡು ಕೊಡಬೇಕು! ಇಂಥ ಲೆಕ್ಕ ನಾನು ಯಾವ ಖಾತೆಯಲ್ಲೂ ನೋಡಿಲ್ಲ. ಇಟಲಿಯ ಸೈನ್ಯವನ್ನು ಇಥಿಯೋಪಿಯ ಸೋಲಿಸಿದ 1896ರ ಅಡ್ವಾ ಯುದ್ಧವೂ ಇಲ್ಲ.

ಆಫ್ರಿಕಾದಿಂದ ಇರುವ ಕೆಲವೇ ಕಾರ್ಡುಗಳಲ್ಲಿ ಒಂದು ಮಾತ್ರ ಬಂಗಾರ. ನಿಜವಾಗಿಯೂ. ಮಾಲಿ ಸಾಮ್ರಾಜ್ಯದ ಮಾನ್ಸಾ ಮೂಸಾ 1324ರಲ್ಲಿ ಮೆಕ್ಕಾ ಯಾತ್ರೆಗೆ ಹೋಗುವಾಗ ಕೈರೋದಲ್ಲಿ ಎಷ್ಟು ಚಿನ್ನ ಹಂಚಿದನೆಂದರೆ ಅಲ್ಲಿ ಚಿನ್ನದ ಬೆಲೆಯೇ ಬಿದ್ದುಹೋಯಿತು. ಹನ್ನೆರಡು ವರ್ಷವಾದರೂ ಬೆಲೆ ಏರಲಿಲ್ಲ ಅಂತ ಆ ಕಾಲದ ಅರಬ್ ಇತಿಹಾಸಕಾರ ಅಲ್-ಉಮರಿ ಬರೆದಿದ್ದಾನೆ. ಈ ಕಾರ್ಡು ನಾನು ಮೊದಲ ಸಲ ತಪ್ಪಿದೆ, ಮತ್ತೆಂದೂ ತಪ್ಪಲಿಲ್ಲ.

ಅದರಿಂದ ಒಂದು ಉಪಾಯ ಸಿಕ್ಕಿತು. ತಪ್ಪಿದ ಕಾರ್ಡುಗಳನ್ನು ಪೆಟ್ಟಿಗೆಗೆ ವಾಪಸ್ ಹಾಕಬೇಡಿ. ರಬ್ಬರ್ ಬ್ಯಾಂಡ್ ಹಾಕಿ ಬೇರೆ ಇಡಿ. ಮೂರು ದಿನ ಬಿಟ್ಟು ಮತ್ತೆ ಕೇಳಿಸಿಕೊಳ್ಳಿ, ಆಮೇಲೆ ಒಂದು ವಾರ ಬಿಟ್ಟು. ಸುಮ್ನೆ ಓದಿಕೊಂಡು ಹೋದದ್ದಕ್ಕಿಂತ ಹೀಗೆ ತಡಕಾಡಿ ನೆನಪಿಗೆ ತಂದದ್ದು ಚೆನ್ನಾಗಿ ಉಳಿಯುತ್ತದೆ. ನನ್ನ ಕಟ್ಟು ಮೊದಲ ವಾರ ಕೈ ತುಂಬ ಇತ್ತು, ಈಗ ಹದಿನಾಲ್ಕು ಕಾರ್ಡಿದೆ. ಹುಡುಗನದು ಮೂರು.

ಕೊಳ್ಳುವವರಿಗೆ ಎರಡು ಮಾತು. ಆರು ಜನ ಆಡಬಹುದು ಅಂತ ಬರೆದಿದ್ದಾರೆ, ನಾಲ್ಕಕ್ಕಿಂತ ಜಾಸ್ತಿ ಆದರೆ ಸರದಿ ಬರುವಷ್ಟರಲ್ಲಿ ಆಕಳಿಕೆ ಬರುತ್ತದೆ. ಮರಳು ಗಡಿಯಾರ ಒಂದು ದಿಕ್ಕಿಗಿಂತ ಇನ್ನೊಂದು ದಿಕ್ಕಿಗೆ ನಿಧಾನ ಓಡುತ್ತದೆ, ನನ್ನ ಸರದಿಗೆ ಆ ದಿಕ್ಕನ್ನೇ ಇಟ್ಟುಕೊಂಡಿದ್ದೇನೆ. ಅಂಕ ಕೊಡುವುದಾದರೆ ಹಳದಿಗೆ ಐದಕ್ಕೆ ನಾಲ್ಕೂವರೆ, ಹಸಿರಿನ ಹಿಂಭಾಗಕ್ಕೆ ನಾಲ್ಕು, ನೀಲಿಗೆ ಒಂದೂವರೆ. ಕೆಂಪಿಗೆ ಅಂಕ ತಡೆಹಿಡಿದಿದ್ದೇನೆ, ತಪಾಸಣೆ ಇನ್ನೂ ಮುಗಿದಿಲ್ಲ.

ತಯಾರಿಸಿದವರಿಗೆ ತಪ್ಪುಗಳ ಪಟ್ಟಿ ಕಳಿಸಿದೆ, ಉತ್ತರ ಬಂದಿಲ್ಲ. ಸದ್ಯಕ್ಕೆ ಅಗಸ್ಟಸ್ ಕಾರ್ಡಿನಲ್ಲಿ 77ರ ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿ 75 ಅಂತ ಬರೆದು, ಕೆಳಗೆ ಸಣ್ಣದಾಗಿ ಸಹಿ ಹಾಕಿದ್ದೇನೆ. ಲೆಕ್ಕದ ಪುಸ್ತಕದಲ್ಲಿ ಏನು ತಿದ್ದಿದರೂ ಸಹಿ ಬೇಕು. ಎಲ್ಕಾನೊ ಕಾರ್ಡಿಗೆ ಹುಡುಗನ ಸಹಿ ಇದೆ.